ಮೊದಲ ದಿನದ ನೂರೆಂಟು ಬಸ್ಕಿ

ಶನಿವಾರ ಬೆಳಗಿನ ಆರು ಗಂಟೆ. ಹಿಂದೂಪುರದ ಮಾರುಕಟ್ಟೆಯ ಹಿಂದೆ ಇರುವ ಹಳೆಯ ಹುಣಸೆಹಣ್ಣಿನ ಗೋದಾಮಿನ ಬಾಗಿಲಲ್ಲಿ ಚಂದ್ರಕಲಾ ನೀರಿನ ಕ್ಯಾನು ಇಟ್ಟುಕೊಂಡು ನಿಂತಿದ್ದರು. ಕರಾಟೆ ಕಲಿಯಲು ಬಂದ ಒಬ್ಬೊಬ್ಬರ ಕೈಗೂ ಸ್ಟೀಲ್ ಲೋಟ ಕೊಟ್ಟು, ಅದು ಖಾಲಿಯಾಗುವವರೆಗೆ ಒಳಗೆ ಬಿಡುತ್ತಿರಲಿಲ್ಲ.

"ಏನ್ ತಿಂದ್ಕಂಡು ಬಂದೆ?"

"ಎಲ್ಡು ಬಾಳೆಹಣ್ಣು ಅಕ್ಕ."

"ನೀನು?"

"ಟೀ."

"ಟೀ ತಿನ್ನೋ ಪದಾರ್ಥನಾ? ಎದುರುಗಡೆ ಅಂಗಡೀಲಿ ಎಲ್ಡು ಇಡ್ಲಿ ತಿಂದು ಬಾ, ಹೋಗು."

ಆ ಹುಡುಗಿ ಹೋಗಲಿಲ್ಲ. ಹಿಂದಿದ್ದವರಿಗೂ ಕೇಳಿಸುವ ಹಾಗೆ, "ಹೋದ ತಿಂಗಳು ತಿಂದ್ಕಂಡು ಬಂದ್ರೆ ಬೈತಿದ್ರಿ, ಈಗ ತಿನ್ನದೆ ಬಂದ್ರೆ ಬೈತೀರ. ಏಂ ಚೆಯ್ಯಾಲಿ ಅಕ್ಕಾ, ಏನ್ ಮಾಡ್ಬೇಕು?" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಚಂದ್ರಕಲಾ ನಗಲಿಲ್ಲ. ಲೋಟ ತೊಳೆದು ಮುಂದಿನವರಿಗೆ ಹಿಡಿದರು.

ಚಂದ್ರಕಲಾಗೆ ನಲವತ್ತಮೂರು ವರ್ಷ. ಹುಟ್ಟಿದ್ದು ಕಲ್ಯಾಣದುರ್ಗದ ಶೇಂಗಾ ವ್ಯಾಪಾರಿ ಜಯಣ್ಣನವರ ಮನೆಯಲ್ಲಿ; ಮದುವೆಯಾಗಿ ಬಂದದ್ದು ಹಿಂದೂಪುರಕ್ಕೆ. ಹಗಲು ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಬೆಳಿಗ್ಗೆ ಈ ಗೋದಾಮಿನಲ್ಲಿ ಕರಾಟೆ ಕಲಿಸುತ್ತಾರೆ. ಊರಲ್ಲಿ ಬೇರೆ ಕರಾಟೆ ಕ್ಲಾಸುಗಳೂ ಇವೆ. ಇವರದಕ್ಕೆ ಹೆಸರು ಬಂದದ್ದು ಒಂದು ಪದ್ಧತಿಯಿಂದ. ಹೊಸದಾಗಿ ಸೇರುವವರು ಮೊದಲ ದಿನ ಖಾಲಿ ಹೊಟ್ಟೆಯಲ್ಲಿ, ನೀರೂ ಕುಡಿಯದೆ ಬಂದು, ಗೋಡೆಯ ಮೇಲಿನ ಆಂಜನೇಯನ ಪಟದ ಮುಂದೆ ನೂರೆಂಟು ಬಸ್ಕಿ ಹೊಡೆಯಬೇಕಿತ್ತು. ಗಣಪತಿಯ ಮುಂದೆ ಕಿವಿ ಹಿಡಿದುಕೊಂಡು ಅರ್ಧ ಬಗ್ಗಿ ಏಳುವ ಬಸ್ಕಿಯಲ್ಲ. ಗರಡಿಯ ಬಸ್ಕಿ: ಹಿಮ್ಮಡಿ ಎತ್ತಿ, ಪೂರ್ತಿ ಕೆಳಗೆ ಕೂತು, ಪೂರ್ತಿ ಮೇಲೇಳುವುದು. ಮುಗಿಸಿದವರಿಗೆ ಹಣೆಗೆ ಸಿಂಧೂರ, ಕೈಗೆ ಕಲ್ಲುಸಕ್ಕರೆ. ಮುಗಿಸಲಾರದವರು ಸಾಮಾನ್ಯವಾಗಿ ಮಾರನೆಯ ದಿನ ಬರುತ್ತಿರಲಿಲ್ಲ. ಯಾಕೆ ಬರಲಿಲ್ಲವೆಂದು ಚಂದ್ರಕಲಾ ವಿಚಾರಿಸಿದವರೂ ಅಲ್ಲ.

ಅವರು ಆ ಪದ್ಧತಿ ತಂದದ್ದು ಕಲ್ಯಾಣದುರ್ಗದ ಓಬಣ್ಣನವರ ಗರಡಿಯಿಂದ. ಗರಡಿ ಇದ್ದದ್ದು ಜಯಣ್ಣನವರ ಅಂಗಡಿಯ ಎದುರಿಗೇ. ಹದಿನೇಳನೆಯ ವಯಸ್ಸಿನಲ್ಲಿ, ಹೆಣ್ಣುಮಕ್ಕಳು ಹೊಸಿಲು ತುಳಿಯದ ಆ ಜಾಗಕ್ಕೆ ಹೋಗಿ ನಿಂತು, ನನಗೂ ಸಾಮು ಕಲಿಸಿ ಎಂದು ಕೇಳಿದ್ದರು. ಗರಡಿಯ ಗುರು, ಅಂದರೆ ವಸ್ತಾದ್, ಓಬಣ್ಣ ಈ ಹುಡುಗಿಯನ್ನು ಪಟದ ಮುಂದೆ ನಿಲ್ಲಿಸಿ, "ನೂರೆಂಟು ಹೊಡಿ, ಆಮ್ಯಾಕೆ ಮಾತು" ಎಂದಿದ್ದರು. ಚಂದ್ರಕಲಾ ಎರಡು ಸಲ ಬಿದ್ದರು, ಎದ್ದು ಮುಗಿಸಿದರು, ಮನೆಯ ಮೆಟ್ಟಿಲನ್ನು ಕೈಯೂರಿ ಹತ್ತಿದರು. ಮಾರನೆಯ ದಿನ ಮತ್ತೆ ಹೋದರು. ಕರಾಟೆ ಕಲಿತದ್ದು ಆಮೇಲೆ, ಅನಂತಪುರದಲ್ಲಿ. ಆದರೆ ತಾನು ಏನಾದರೂ ಆಗಿದ್ದರೆ ಅದು ಆ ಬೆಳಗಿನಿಂದ ಎಂದು ಅವರ ನಂಬಿಕೆ. ಪ್ರತಿ ಹೊಸ ಬ್ಯಾಚಿಗೂ ಮೊದಲು ಹೇಳುತ್ತಿದ್ದದ್ದು ಈ ಕಥೆಯನ್ನೇ.

ಕೃಷ್ಣವೇಣಿಯೂ ಅದನ್ನು ಕೇಳಿಯೇ ಶುರು ಮಾಡಿದ್ದಳು. ಅವಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್, ಮೂವತ್ತರ ಆಸುಪಾಸು. ಸಂಜೆ ಕಂಪನಿ ಬಸ್ಸು ಇಳಿದು ಮನೆಗೆ ನಡೆಯುವ ದಾರಿಯಲ್ಲಿ ದೀಪವಿಲ್ಲ. "ಬೈಕಿನೋನು ಒಬ್ಬ ದಿನಾ ಹಿಂದಿಂದೇನೆ ಬತ್ತಾನೆ ಅಕ್ಕ. ಒಂದೇ ಒಂದು ಏಟು ಸರ್‍ಯಾಗಿ ಕೊಡೋದು ಕಲಿಸ್ಬುಡಿ, ಸಾಕು" ಎಂದು ಕೇಳಿದ್ದಳು. ಮೇ ತಿಂಗಳ ಸೆಕೆ. ವಾರವೆಲ್ಲ ಮಿಷನ್ನಿನ ಮುಂದೆ ಕೂತ ಕಾಲು. ಹೇಳಿದ ಹಾಗೆಯೇ ಹಿಂದಿನ ರಾತ್ರಿಯಿಂದ ಏನೂ ಬಾಯಿಗೆ ಹಾಕದೆ ಬಂದಿದ್ದಳು. ಅರ್ಧ ದಾಟಿದ ಮೇಲೆ ತೊಡೆ ನಡುಗತೊಡಗಿತು. ಅವಳು ತಲೆಯೆತ್ತಿ ಚಂದ್ರಕಲಾರ ಮುಖ ನೋಡಿದಳು.

"ಇನ್ನೇನು, ಆಗೋಯ್ತು ಕಣಮ್ಮ. ನಾನು ಮಾಡಿಲ್ವಾ?"

ಅವಳು ಮುಗಿಸಿದಳು. ಸಿಂಧೂರ ಹಚ್ಚಿಸಿಕೊಂಡು ಗೋಡೆ ಹಿಡಿದುಕೊಂಡು ಹೋದಳು.

ಮಾರನೆಯ ದಿನ ಫೋನು ಬಂತು. ಕೂರಲು ಆಗುತ್ತಿಲ್ಲ, ತೊಡೆ ಕಲ್ಲಿನ ಹಾಗೆ ಊದಿದೆ. ಎಲ್ಲರಿಗೂ ಹೇಳುವುದನ್ನೇ ಚಂದ್ರಕಲಾ ಹೇಳಿದರು: ಬಿಸಿನೀರು ಹಾಕಿಕೋ, ನೋವು ಬಂದರೆ ಕಸುವು ಬರುತ್ತಿದೆ ಎಂದರ್ಥ. ಅದರ ಮಾರನೆಯ ದಿನ ಅವಳಿಗೆ ಟೀ ಡಿಕಾಕ್ಷನ್ ಬಣ್ಣದ ಮೂತ್ರ ಹೋಯಿತು. ಅತ್ತೆ ರಂಗಲಕ್ಷ್ಮಮ್ಮ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು.

ಅಭ್ಯಾಸವಿಲ್ಲದ ಸ್ನಾಯುವಿಗೆ ಒಮ್ಮೆಲೇ ಅಷ್ಟು ಕೆಲಸ ಕೊಟ್ಟರೆ, ಅದರಲ್ಲೂ ಮೈಯಲ್ಲಿ ನೀರಿಲ್ಲದಾಗ, ಅದು ಒಡೆದು ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಲಾರದೆ ಸೋಲುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. "ಮೊದಲನೇ ದಿನಾನೇ ನೂರೆಂಟು ಮಾಡಿ ಅಂತ ಯಾರು ಹೇಳಿದ್ದು?" ಎಂದು ಕೇಳಿದರು. ಸುದ್ದಿ ಕೇಳಿ ಬಂದು ಮಂಚದ ಪಕ್ಕದಲ್ಲೇ ನಿಂತಿದ್ದ ಚಂದ್ರಕಲಾ, "ಅದು ನಮ್ಮ ಪದ್ಧತಿ" ಎಂದರು. ಡಾಕ್ಟರಮ್ಮ ಸಲೈನ್ ಬಾಟಲಿಯ ಕಡೆ ತಿರುಗಿದರು.

ರಂಗಲಕ್ಷ್ಮಮ್ಮ ಸುಮ್ಮನಿರಲಿಲ್ಲ. "ಒಂದು ಏಟು ಹೊಡೆಯೋದು ಕಲೀಲಿ ಅಂತ ಕಳಿಸ್ದೆ ಕಣಮ್ಮ ನನ್ ಸೊಸೇನ. ನೀನು ಕೂರ್ಸಿ ಎಬ್ಬಿಸಿ, ಕೂರ್ಸಿ ಎಬ್ಬಿಸಿ, ಆಸ್ಪತ್ರೆಗೆ ಹಾಕ್ಬುಟ್ಟೆ. ಆ ಬೈಕಿನೋನು ಮಾತ್ರ ಗುಂಡ್ಕಲ್ಲಂಗೆ ಓಡಾಡ್ತಾವ್ನೆ."

ಡಯಾಲಿಸಿಸ್ ಬೇಕಾಗಲಿಲ್ಲ. ವಾರದ ಮೇಲೆ ಕೃಷ್ಣವೇಣಿ ಮನೆಗೆ ಬಂದಳು. ಕಿಡ್ನಿ ಪೂರ್ತಿ ಸುಧಾರಿಸಿದೆಯೋ ಇಲ್ಲವೋ ಎನ್ನುವುದು ಇನ್ನೊಂದು ರಕ್ತ ಪರೀಕ್ಷೆಯಾಗುವವರೆಗೆ ತಿಳಿಯದು. ಅಲ್ಲಿಯವರೆಗೆ ಕೆಲಸಕ್ಕೆ ಹೋಗುವಂತಿಲ್ಲ.

ಚಂದ್ರಕಲಾರನ್ನು ಕೊರೆಯುತ್ತಿದ್ದದ್ದು ಬೇರೆ. ಇದೆಲ್ಲ ತನಗೆ ತಿಳಿಯದ ವಿಷಯವಾಗಿರಲಿಲ್ಲ. ವ್ಯಾಯಾಮ ಶಿಕ್ಷಕರ ತರಬೇತಿಯಲ್ಲಿ ಓದಿ ಪರೀಕ್ಷೆ ಬರೆದಿದ್ದರು. ಶಾಲೆಯಲ್ಲಿ ಹೊಸ ಮಕ್ಕಳಿಗೆ ಮೊದಲ ವಾರ ಮೈ ಸಡಿಲಿಸುವುದು ಬಿಟ್ಟು ಬೇರೇನೂ ಮಾಡಿಸುವವರಲ್ಲ. ಶಾಲೆಯ ಮೈದಾನದಲ್ಲಿ ಅದು ವ್ಯಾಯಾಮ. ಗೋದಾಮಿನಲ್ಲಿ ಆಂಜನೇಯನಿಗೆ ಒಪ್ಪಿಸುವ ಸೇವೆ. ಒಂದೇ ಮೈ, ಒಂದೇ ತೊಡೆ ಎನ್ನುವುದು ಅವರ ತಲೆಗೆ ಬಂದಿರಲೇ ಇಲ್ಲ. ಈಗ ರಾಯರ ಗುಡಿಯ ಹತ್ತಿರವೋ ಸಂತೆಯಲ್ಲೋ, ಒಂದು ದಿನ ಬಂದು ಆಮೇಲೆ ಬಾರದೆ ಹೋದವರ ಮುಖ ಕಂಡರೆ ಪಕ್ಕದ ರಸ್ತೆಗೆ ತಿರುಗುತ್ತಾರೆ.

ಹಿಂದೂಪುರದಲ್ಲಿ ಅವರು ಅಂದಿನಿಂದಲೇ ನೂರೆಂಟು ನಿಲ್ಲಿಸಿದ್ದರು. ಕಷ್ಟವಿದ್ದದ್ದು ಕಲ್ಯಾಣದುರ್ಗದಲ್ಲಿ. ಅಲ್ಲಿ ಈ ಭಾನುವಾರ ಅವರ ಎರಡನೆಯ ಕ್ಲಾಸು ಶುರುವಾಗಬೇಕಿತ್ತು. ಜಾಗ ಕೊಟ್ಟವನು ಹಿಂದೂಪುರದಲ್ಲಿ ಅವರ ಹತ್ತಿರ ಕಲಿತ ಹಳೆಯ ಶಿಷ್ಯ ಸಿದ್ದಲಿಂಗೇಶ್, ಈಗ ಅಲ್ಲಿನ ಕಲ್ಯಾಣ ಮಂಟಪವೊಂದರ ಮಾಲೀಕ. 'ನೂಟ ಎನಿಮಿದಿ ಗುಂಜೀಳ್ಳು', ಅಂದರೆ ನೂರೆಂಟು ಬಸ್ಕಿ, ಎಂದು ತೆಲುಗಿನಲ್ಲಿ ದೊಡ್ಡದಾಗಿ ಬರೆಸಿ ಬಸ್ ಸ್ಟ್ಯಾಂಡಿನ ಎದುರಿಗೆ ಬ್ಯಾನರ್ ಕಟ್ಟಿಸಿದ್ದ. ಚಂದ್ರಕಲಾ ಫೋನಿನಲ್ಲಿ ಅದನ್ನು ತೆಗೆಸಲು ಹೇಳಿದಾಗ ಅವನು ಒಪ್ಪಲಿಲ್ಲ.

"ಒಬ್ರಿಗೆ ಹಂಗಾಯ್ತು ಅಂತ ಬಿಟ್ಬುಡೋದಾ ಅಕ್ಕ? ನಾವೆಲ್ಲ ಹೊಡೀಲಿಲ್ವಾ, ಸತ್ತೋದ್ವಾ? ಅದನ್ನ ತೆಗೆದ್ರೆ ನಮ್ದೂ ಹತ್ರಾಗೆ ಹನ್ನೊಂದು ಕ್ಲಾಸು, ಅಷ್ಟೇ. ವಸ್ತಾದ್ರು ಒಪ್ಪಿದ್ರೆ ನೋಡನ. ಇಲ್ಲಾಂದ್ರೆ ನೀವು ಬರ್ದಿದ್ರೂ ಪರ್ವಾಗಿಲ್ಲ, ನಾನೇ ಹೊಡಿಸ್ತೀನಿ."

ಬರುವವರೆಲ್ಲ ಹೊಸಬರು. ಅವರಲ್ಲಿ ಇನ್ನೊಬ್ಬ ಕೃಷ್ಣವೇಣಿ ಇರಬಹುದು. ಓಬಣ್ಣ ಬೇಡ ಎಂದರೆ ಮಾತ್ರ ಸಿದ್ದಲಿಂಗೇಶ್ ಕೇಳುತ್ತಾನೆ. ಓಬಣ್ಣನವರ ಪದ್ಧತಿ ತಪ್ಪು ಎಂದು ಓಬಣ್ಣನವರ ಎದುರಿಗೇ ಹೇಳುವುದು ಹೇಗೆ?

ಆ ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಮಧ್ಯಾಹ್ನದ ಬಸ್ಸು ಹತ್ತಿ, ಪೆನುಕೊಂಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕೂಡಿಸಿದರು, ಕಳೆದರು. ಕಲ್ಯಾಣದುರ್ಗ ಮುಟ್ಟಿದಾಗ ಇಳಿಹೊತ್ತು. ಗರಡಿ ಬಿದ್ದುಹೋಗಿ ವರ್ಷಗಳಾಗಿವೆ. ಓಬಣ್ಣ ಮನೆಯ ಮುಂದಿನ ಮಂಚದ ಮೇಲೆ, ಮಂಡಿಗೆ ಬಟ್ಟೆ ಸುತ್ತಿಕೊಂಡು ಶೇಂಗಾ ಸುಲಿಯುತ್ತಾ ಕೂತಿದ್ದರು.

"ಓಹೋ, ಜಯಣ್ಣನ ಮಗಳು! ಯಾವಾಗ ಬಂದ್ಯಮ್ಮ? ನಾಳೆ ನಿಮ್ ಕ್ಲಾಸ್ನಾಗೆ ಕುರ್ಚಿ ಮ್ಯಾಲೆ ಕೂರ್ಸಿ ಹಾರ ಹಾಕ್ತಾರಂತೆ ನಂಗೆ. ಕೂತ್ರೆ ಎಬ್ಬಿಸೋಕೆ ಇಬ್ರು ಬೇಕು ಅಂತ ಹೇಳು."

ಚಂದ್ರಕಲಾ ಕೆಳಗೆ ಕೂತು ಕೃಷ್ಣವೇಣಿಗೆ ಆದದ್ದನ್ನು ಹೇಳಿದರು. ಕೂಡಿಸಿಟ್ಟುಕೊಂಡಿದ್ದ ಮಾತು ಯಾವುದೂ ಬರಲಿಲ್ಲ. ಓಬಣ್ಣ ಸುಲಿಯುವುದನ್ನು ನಿಲ್ಲಿಸಿದರು.

"ನೂರೆಂಟಾ? ಯಾರು ಹೊಡಿಸಿದ್ದು?"

"ನಾನೇ. ಬಂದೋರಿಗೆಲ್ಲ. ನೀವು ನಂಗೆ ಮೊದಲ್ನೇ ದಿನ ಹೊಡಿಸಿದ್ರಲ್ಲ ವಸ್ತಾದ್ರೇ, ಹಂಗೇ."

"ನಿಂಗೆ ಹೊಡಿಸ್ದೆ. ಬ್ಯಾರೆ ಯಾರಿಗೆ ಹೊಡಿಸ್ದೆ?"

ಚಂದ್ರಕಲಾಗೆ ಅರ್ಥವಾಗಲಿಲ್ಲ. ಓಬಣ್ಣ ಕೈಯಲ್ಲಿದ್ದ ಸಿಪ್ಪೆ ಕೊಡವಿದರು.

"ನಿಮ್ಮಪ್ಪ ಹಿಂದಿನ ದಿನ ಬಂದಿದ್ದ ಕಣಮ್ಮ. ಹುಡುಗಿ ಹಠ ಹಿಡಿದವ್ಳೆ, ನನ್ ಮಾತು ಕೇಳಲ್ಲ, ನೀನೇ ಏನಾರ ಮಾಡಿ ಓಡ್ಸು ಅಂದ. ಇಪ್ಪತ್ತು ಹೊಡಿಯೋದ್ರಾಗೆ ಕುಕ್ಕರಿಸ್ಕಂಡು ಮನೆಗೆ ಹೋಯ್ತಾಳೆ ಅನ್ಕಂಡೆ. ನೀನು ಮುಗಿಸ್ಬುಟ್ಟೆ! ದೇವ್ರ ಮುಂದೆ ಮಾತು ಕೊಟ್ಟಿದ್ದೆ, ಆಮ್ಯಾಕೆ ಹೆಂಗೆ ಬ್ಯಾಡ ಅನ್ಲಿ?"

"ಹುಡುಗ್ರಿಗೆ?"

"ಹುಡುಗ್ರಿಗೆ ಹತ್ತು. ಒಂದು ತಿಂಗಳು ಹತ್ತೇ. ಅಖಾಡದ ಮಣ್ಣು ಅಗೆಯೋದು, ನೀರು ಸೇದಿ ಚಿಮುಕ್ಸೋದು, ಅಷ್ಟೇ. ರಾಗಿ ಅಂಬಲಿ ಕುಡೀದೆ ಬಂದೋನ್ನ ಒಳಕ್ಕೇ ಬಿಡ್ತಿರ್ಲಿಲ್ಲ. ನೀನು ಹುಡುಗ್ರು ಬರೋಕ್ ಮುಂಚೇನೇ ಬಂದು ಹೋಯ್ತಿದ್ದೆ, ನಿಂಗೆ ಹೆಂಗೆ ತಿಳೀಬೇಕು."

ಜಯಣ್ಣ ತೀರಿಕೊಂಡು ಬಹಳ ಕಾಲವಾಗಿತ್ತು. ಕೇಳಲು ಈಗ ಓಬಣ್ಣ ಒಬ್ಬರೇ.

"ಯಾಕೆ ಹೇಳ್ಲಿಲ್ಲ ನಂಗೆ?"

"ಎಲ್ಲಾರ ತಾವ ಹೇಳ್ಕಂಡು ಮೆರೀತಿದ್ದೆ. ಮುರಿಯೋಕೆ ಮನಸಾಗ್ಲಿಲ್ಲ." ಆಮೇಲೆ ಅವರೇ ಕೇಳಿದರು, "ಆ ಹೆಣ್ಮಗಳ ಕಿಡ್ನಿ ಉಳಕಂತದಾ?"

"ತಿಳೀದು."

ನಾಳೆ ಬಂದು ಈ ಮಾತನ್ನು ಸಿದ್ದಲಿಂಗೇಶನಿಗೆ ಹೇಳುತ್ತೀರಾ ಎಂದು ಚಂದ್ರಕಲಾ ಕೇಳಿದಾಗ ಓಬಣ್ಣ ಆಗದೆಂದು ತಲೆಯಾಡಿಸಿದರು. "ನಾನು ಹೇಳಿದ್ರೆ ಮುದುಕನಿಗೆ ಅರಳು ಮರಳು ಅಂತಾರೆ. ನೀನೇ ಹೇಳು. ಅರ್ಧ ಹೇಳ್ಬ್ಯಾಡ. ಓಡ್ಸೋಕೆ ಹೊಡಿಸಿದ್ದು ಅಂತ ಸೇರ್ಸಿ ಹೇಳು."

ಭಾನುವಾರ ಮಂಟಪದ ಊಟದ ಹಾಲ್ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಆಂಜನೇಯನ ಪಟಕ್ಕೆ ಸಿದ್ದಲಿಂಗೇಶ್ ಹಾರ ಹಾಕಿಸಿದ್ದ. ಪಕ್ಕದ ತಟ್ಟೆಯಲ್ಲಿ ಸಿಂಧೂರ, ಕಲ್ಲುಸಕ್ಕರೆ. ಓಬಣ್ಣನವರ ಕುರ್ಚಿ ಖಾಲಿಯಿತ್ತು. ಚಂದ್ರಕಲಾ ಎದ್ದು ನಿಂತು, ಎಂದಿನಂತೆ ತಮ್ಮ ಮೊದಲ ದಿನದ ಕಥೆಯನ್ನೇ ಶುರು ಮಾಡಿದರು. ಎರಡು ಸಲ ಬಿದ್ದದ್ದು, ಮೆಟ್ಟಿಲು ಹತ್ತಿದ್ದು. ಅಲ್ಲಿಗೆ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು. ಈ ಸಲವೂ ಬಿತ್ತು. ಅದು ನಿಂತ ಮೇಲೆ ಮಿಕ್ಕದ್ದನ್ನು ಹೇಳಿದರು: ಅಪ್ಪ ಬಂದು ಕೇಳಿಕೊಂಡದ್ದು, ಓಬಣ್ಣ ಓಡಿಸಲು ನೋಡಿದ್ದು, ಕೃಷ್ಣವೇಣಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಸಾಲಿನ ಯುವಕನೊಬ್ಬ ಕೈಯೆತ್ತಿದ.

"ಅಂದ್ರೆ ಮೇಡಂ, ರಾತ್ರಿಯಿಂದ ನಾನು ಉಪವಾಸ ಇದ್ದದ್ದು ವೇಸ್ಟಾ?"

"ವೇಸ್ಟೇ ಕಣಪ್ಪ. ಮೊದ್ಲು ನೀರು ಕುಡಿ."

ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿಸಿದರು. ಕುರ್ಚಿಗೆ ಕೂತು ಏಳುವುದು, ಹತ್ತು ಸಲ. ಗೋಡೆಗೆ ಅಂಗೈ ಊರಿ ದಂಡ, ಅದೂ ಅಷ್ಟೇ. ಒಂದು ದಿನ ಮಾಡಿದರೆ ಮಾರನೆಯ ದಿನ ಬಿಡುವು. ಮುಂದಿನ ವಾರ ಮೈ ಒಪ್ಪಿದರೆ ಸ್ವಲ್ಪ ಜಾಸ್ತಿ. ತೊಡೆ ಒಂಚೂರು ನೊಂದರೆ ಹೆದರಬೇಡಿ. ಊದಿಕೊಂಡರೆ, ಮೂತ್ರ ಕಪ್ಪಾದರೆ ನನಗೆ ಫೋನು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ ಎಂದರು. ಅಷ್ಟು ಹೇಳುವಾಗ ಅವರ ಧ್ವನಿ ಗಟ್ಟಿಯಾಗಿತ್ತು. ಆದರೆ ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಬಾಗಿಲಲ್ಲಿ ಒಬ್ಬ, "ಇದು ನಮ್ಮಜ್ಜೀನೂ ಮಾಡ್ತಾಳೆ ಬಿಡ್ಲಾ" ಎಂದದ್ದು ಒಳಗೆ ಕೇಳಿಸಿತು.

ಎಲ್ಲ ಮುಗಿದ ಮೇಲೆ ಸಿದ್ದಲಿಂಗೇಶ್ ಪಟದ ಹಾರ ಸರಿಮಾಡುತ್ತಾ, ಅವರ ಮುಖ ನೋಡದೆ ಹೇಳಿದ. "ವಸ್ತಾದ್ರ ಮಾತು ಅಂದ್ರಿ, ಸರಿ, ನಾನೂ ಹೊಡಿಸಲ್ಲ. ಬ್ಯಾನರ್ ಇಳಿಸ್ತೀನಿ. ಆದ್ರೆ ಅಕ್ಕ, ಆ ನೂರೆಂಟನ್ನ ದೇವ್ರಿಗೆ ಒಪ್ಪಿಸ್ದೆ ಅಂತ ನಾನು ಎಷ್ಟು ವರ್ಷ ಎದೆ ಉಬ್ಬಿಸ್ಕಂಡು ತಿರುಗ್ದೆ. ನೀವು ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು."

"ನಂಗೂ ಹಂಗೇ ಅನ್ನಿಸ್ತು, ವಸ್ತಾದ್ರು ಹೇಳ್ದಾಗ" ಎಂದು ಚಂದ್ರಕಲಾ ಚೀಲ ಹೆಗಲಿಗೆ ಹಾಕಿಕೊಂಡರು.

ಮುಂದಿನ ಭಾನುವಾರ ಆ ಮಂಟಪದಲ್ಲಿ ಮದುವೆಯಿದೆ, ಅದಾದ ಮೇಲಿನದು ನೋಡೋಣ ಎಂದು ಸಿದ್ದಲಿಂಗೇಶ್ ಹೇಳಿದ್ದಾನೆ. ಎದ್ದು ಹೋಗದೆ ಉಳಿದ ಏಳು ಮಂದಿಗೆ ಅಂದು ಜೂನಿಯರ್ ಕಾಲೇಜಿನ ಮೈದಾನಕ್ಕೆ ತಿಂದುಕೊಂಡು ಬರಲು ಹೇಳಲಾಗಿದೆ. ಕೃಷ್ಣವೇಣಿಯ ರಕ್ತ ಪರೀಕ್ಷೆ ಬುಧವಾರ. ಅವಳ ಜೊತೆ ಹೋಗಲು ಚಂದ್ರಕಲಾ ಶಾಲೆಗೆ ರಜೆ ಹಾಕಿದ್ದಾರೆ. ರಂಗಲಕ್ಷ್ಮಮ್ಮ ಬರಬೇಡ ಎಂದಿಲ್ಲ.