ದೇವರ ಬಲ್ಬು, ಮಗಳ ಮಾನಿಟರು

ಹೋದ ವರ್ಷ, ಆಷಾಢದ ಹೊತ್ತಿಗೆ ಬರುವ ನಮ್ಮ ಕಡೆಯ ಆಡಿ ತಿಂಗಳು, ಎರಡನೇ ಶುಕ್ರವಾರ. ಆ ದಿನವನ್ನು ನಾನು ಮರೆಯುವ ಹಾಗೇ ಇಲ್ಲ.

ನಮ್ಮದು ಧರ್ಮಪುರಿ ಹತ್ತಿರದ ನಲ್ಲಂಪಳ್ಳಿ. ಯಜಮಾನರು ಶಂಕಗಿರಿಯಲ್ಲಿ ಲಾರಿ ಡ್ರೈವರು. ಒಬ್ಬಳೇ ಮಗಳು ಸುಧಾ. ಅವಳು ಕಲಿತದ್ದು ಸಿನಿಮಾ, ಮದುವೆ ವಿಡಿಯೋಗಳ ಬಣ್ಣ ಸರಿಮಾಡುವ ಕೆಲಸ. ಒಂದು ದೃಶ್ಯ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ತೆಗೆದಿರುತ್ತಾರಲ್ಲ, ಅವನ್ನೆಲ್ಲ ಒಂದೇ ಹದಕ್ಕೆ ತರಬೇಕು. ಗ್ರೇಡಿಂಗ್ ಅಂತಾರಂತೆ. ಸಾರಿಗೆ ಉಪ್ಪು ಹುಳಿ ನೋಡುವ ಹಾಗೆ ಅಂತ ನಾನು ತಿಳಿದುಕೊಂಡಿದ್ದೇನೆ.

ಈ ಕೆಲಸಕ್ಕೆ ಬೇರೆಯೇ ಮಾನಿಟರು ಬೇಕು ಅಂತ ಬೇಸಿಗೆಯಲ್ಲಿ ಮೂವರೂ ಸೇಲಂಗೆ ಹೋಗಿದ್ದೆವು. ಅಂಗಡಿಯ ಗೋಡೆ ತುಂಬ ಟಿವಿಗಳು. ಅವುಗಳೊಳಗಿನ ಮಾವಿನಹಣ್ಣು ನೋಡಿದರೆ ಬಾಯಲ್ಲಿ ನೀರು ಬರಬೇಕು. ಯಜಮಾನರು ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತು, "ಇದೇ ತಗಳಾನ, ನೋಡ್ಲೇ ಎಂಗೆ ಪಳಪಳಾ ಅಂತೈತೆ" ಅಂದರು. ನನಗೂ ಅದೇ ಇಷ್ಟವಾಗಿತ್ತು. ಸುಧಾ ಮಾತ್ರ ಮೂಲೆಯಲ್ಲಿದ್ದ, ಹೊಳಪಿಲ್ಲದ ಸಣ್ಣದೊಂದನ್ನು ತೋರಿಸಿದಳು.

"ಏನ್ಲೇ ಇದು, ಸೆಗಣಿ ಸಾರ್ಸಿದಂಗೈತೆ!"

"ಅಪ್ಪಾ, ಆ ಟಿವಿ ಯಾರನ್ನ ತೋರ್ಸಿದ್ರೂ ಮದ್ವೆ ಎಣ್ಣು ಮಾಡ್ತದೆ. ನಂಗೆ ಇರೋದನ್ನ ಇದ್ದಂಗೆ ತೋರ್ಸೋದು ಬೇಕು."

ಮನೆಗೆ ತಂದ ಮೇಲೆ ಜೋಡಿಸುವುದೂ ಒಂದು ದೊಡ್ಡ ಶಾಸ್ತ್ರ. ಕಂಪ್ಯೂಟರಿಂದ ನೇರವಾಗಿ ವಯರು ಎಳೆಯುವ ಹಾಗಿಲ್ಲವಂತೆ. ಕಂಪ್ಯೂಟರು ಚಿತ್ರಕ್ಕೆ ತನ್ನ ಕೈಗುಣ ಸೇರಿಸಿಬಿಡುತ್ತದಂತೆ. ಅದಕ್ಕೇ ನಡುವೆ ಒಂದು ಸಣ್ಣ ಪೆಟ್ಟಿಗೆ. ಚಿತ್ರ ಅದರ ಮೂಲಕ ಹೋದರೆ ಕಲಬೆರಕೆ ಆಗುವುದಿಲ್ಲ. ಮಾನಿಟರಿಗೂ ಒಂದು ಸಾಧನ ಅಂಟಿಸಿ ಬಣ್ಣದ ಅಳತೆ ನೋಡಿದಳು. ಎಲ್ಲ ಸರಿಯಾಗಿತ್ತು.

ಅವಳ ಕೆಲಸ ನಮ್ಮ ಹಿಂದಿನ ಕೋಣೆಯಲ್ಲಿ. ಬೇರೆ ಕೋಣೆ ಎಲ್ಲಿದೆ? ಅಲ್ಲೇ ದೇವರ ಶೆಲ್ಫೂ ಇದೆ. ಕಿಟಕಿಗೆ ಯಜಮಾನರು ಲಾರಿಯ ಟಾರ್ಪಾಲಿನ್ ಕಟ್ಟಿಕೊಟ್ಟರು. ಕೆಲಸಕ್ಕೆ ಕೂರುವಾಗ ಸುಧಾ, "ಅಮ್ಮಾ, ಎಲ್ಲಾ ಲೈಟೂ ಆಫ್ ಮಾಡು" ಅಂತ ಕೂಗುತ್ತಾಳೆ. ನಾನು ಟ್ಯೂಬ್‌ಲೈಟು ಆರಿಸಿ, ದೇವರಿಗೆ ಕೈಮುಗಿದು, ಬಾಗಿಲು ಎಳೆದುಕೊಂಡು ಬರುತ್ತೇನೆ.

ಆಗ ಅವಳಿಗೆ ಒಂದು ದೊಡ್ಡ ಕೆಲಸ ಬರುವುದರಲ್ಲಿತ್ತು. ಸೇಲಂನ ಮಲ್ಲಿಕಾ ಮೇಡಂ ಅಂತ ಒಬ್ಬರು ಕಂಬೈನಲ್ಲೂರು ಕಡೆಯ ಕುರಿ ಕಾಯುವ ಅಜ್ಜಿಯ ಮೇಲೆ ಸಿನಿಮಾ ಮಾಡಿದ್ದರು. ಒಂದು ಸಣ್ಣ ಭಾಗ ಕೊಟ್ಟು, ಇದನ್ನು ಚೆನ್ನಾಗಿ ಮಾಡಿದರೆ ಇಡೀ ಸಿನಿಮಾ ನಿನಗೇ ಅಂದಿದ್ದರು. ಸುಧಾ ಮಾಡಿ ಕಳಿಸಿದಳು. ಅಲ್ಲಿಂದ ಫೋನು: "ಅಜ್ಜಿ ಮೊಗ ಯಾಕಿಷ್ಟು ಕೆಂಪಗೈತೆ? ಕಳ್ಳು ಕುಡ್ದಂಗೈತಲ್ಲಮ್ಮ!"

ಸುಧಾ ತಲೆ ಕೆರೆದುಕೊಂಡಳು. ಇಲ್ಲಿ ನೋಡಿದರೆ ಅಜ್ಜಿ ಸರಿಯಾಗೇ ಇದ್ದಾಳೆ. ವಯರು ಬದಲಾಯಿಸಿದಳು. ಯಾರದೋ ಪೆಟ್ಟಿಗೆ ತಂದು ಹಾಕಿ ನೋಡಿದಳು. ಮತ್ತೆ ಅಳೆದು, ಮತ್ತೆ ಮಾಡಿ ಕಳಿಸಿದಳು. ಮತ್ತೆ ಅದೇ ಮಾತು. "ನಾನು ಆವತ್ತೇ ಏಳ್ಲಿಲ್ವಾ, ಪಳಪಳಾ ಅನ್ನೋದೇ ತಗಳಾನ ಅಂತ" ಅಂದರು ಯಜಮಾನರು. ಮಗಳು ಅವತ್ತು ಊಟ ಬಿಟ್ಟಳು.

ಕೊನೆಗೆ ಮೇಡಂ, "ಶುಕ್ರವಾರ ನಾನೇ ಬರ್ತೀನಿ. ಆಗ್ಲೂ ಸರಿಯಾಗ್ದಿದ್ರೆ ಚೆನ್ನೈಯವ್ರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ" ಅಂದರು.

ಆ ಶುಕ್ರವಾರ ನಾನು ಅಮ್ಮನವರಿಗೆ ಬೇವಿನಸೊಪ್ಪು ಏರಿಸಿ, ಸಕ್ಕರೆ ಪೊಂಗಲ್ ಎಡೆ ಇಟ್ಟು, "ತಾಯೀ, ದಾರಿ ತೋರ್ಸು" ಅಂತ ಬೇಡಿಕೊಂಡೆ. ಮೇಡಂ ಬಂದರು. ದೊಡ್ಡ ಮನುಷ್ಯರು ಅನ್ನುವ ಬಿಂಕವೇ ಇಲ್ಲ. ನೆಲದ ಮೇಲೆ ಕೂತು ಪೊಂಗಲ್ ತಿಂದರು. ಕಾಫಿ ಕೊಟ್ಟರೆ, "ಅಕ್ಕಾ, ಸಕ್ಕರೆ ಮರ್ತ್ರಾ?" ಅಂತ ನಕ್ಕರು.

"ಇಲ್ಲ ಮೇಡಂ, ಹಾಕಿದೀನಿ. ಸೀ ತಿಂದ ಬಾಯಿಗೆ ಕಾಫಿ ಸಪ್ಪೆ" ಅಂದೆ. ಆದರೂ ಕೇಳಿದರಲ್ಲ ಅಂತ ಒಂದು ಚಮಚ ಸೇರಿಸಿದೆ.

ಕೋಣೆಗೆ ಹೋಗಿ ನೋಡಿದರೆ ಮೇಡಂಗೇ ಆಶ್ಚರ್ಯ. "ಇಲ್ಲಿ ಅಜ್ಜಿ ಚೆನ್ನಾಗೇ ಅವ್ರಲ್ಲ! ನಮ್ಮನೇಲಿ ಮಾತ್ರ ಯಾಕೆ ಕೆಂಪು?" ಮೇಡಂ ಕೈಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ನಾನು ಬಾಗಿಲು ಎಳೆದುಕೊಂಡು ಒಳಗೇ ನಿಂತಿದ್ದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಆಡಿ ಗಾಳಿಗೆ ಎಲ್ಲೋ ವಯರು ತಗುಲಿರಬೇಕು. ಕಂಪ್ಯೂಟರಿಗೂ ಮಾನಿಟರಿಗೂ ಬ್ಯಾಟರಿ ಇದ್ದದ್ದರಿಂದ ಪರದೆ ಮಾತ್ರ ಉರಿಯುತ್ತಿತ್ತು. "ಒಸಿ ಇರಿ ಮೇಡಂ, ಕತ್ಲೇಲಿ ಎಡವೀರಿ" ಅಂತ ನಾನು ಅಂದೆ. ಅವರು ನಿಂತರು.

"ಅಯ್ಯೋ!" ಅಂದಳು ಸುಧಾ. "ಅಜ್ಜಿ ಕೆಂಪಗವ್ಳೆ!"

ಮೇಡಂ ತಿರುಗಿ ನೋಡಿ, "ಇದೇ! ನಮ್ಮನೇಲಿ ಕಾಣೋದು ಇದೇ!" ಅಂದರು.

ಯಾರೂ ಏನೂ ಮುಟ್ಟಿಲ್ಲ. ಅಜ್ಜಿಗೆ ಇದ್ದಕ್ಕಿದ್ದಂತೆ ಜ್ವರ ಬಂದ ಹಾಗೆ ಮುಖ ಕೆಂಪು. ಕರೆಂಟು ಬಂತು. ಒಂದೆರಡು ಕ್ಷಣದಲ್ಲೇ ಅಜ್ಜಿ ಮತ್ತೆ ಗುಣವಾದಳು. ಸುಧಾ ಮೆಲ್ಲಗೆ ಹಿಂದೆ ತಿರುಗಿದಳು. ಕರೆಂಟಿನ ಜೊತೆ ಕೋಣೆಯಲ್ಲಿ ಹತ್ತಿಕೊಂಡದ್ದು ಒಂದೇ ಒಂದು. ದೇವರ ಮುಂದಿನ ಕೆಂಪು ಬಲ್ಬು. ಅದರ ಬೆಳಕು ಮಾನಿಟರಿನ ಹಿಂದಿನ ಗೋಡೆಗೆಲ್ಲ ಕುಂಕುಮ ಬಳಿದ ಹಾಗೆ ಬಿದ್ದಿತ್ತು.

ನಾನು ಸೊಸೆಯಾಗಿ ಬಂದಾಗಿನಿಂದ ಉರಿಯುತ್ತಿರುವ ಬಲ್ಬು ಅದು. ಸುಟ್ಟರೆ ಅವತ್ತೇ ಹೊಸದು. ಎಲ್ಲಾ ಲೈಟು ಆರಿಸು ಅಂದರೆ ನಮ್ಮ ಕಡೆ ಯಾರ ಮನೆಯಲ್ಲೂ ಅದನ್ನು ಆರಿಸುವುದಿಲ್ಲ. ಅದು ಲೈಟು ಅಂತ ಯಾರಿಗೂ ಅನಿಸುವುದೇ ಇಲ್ಲ. ಸುಧಾ ಹುಟ್ಟಿದ್ದೇ ಆ ಬೆಳಕಲ್ಲಿ, ಅವಳಿಗಂತೂ ಅದು ಕಂಡೇ ಇರಲಿಲ್ಲ.

"ನಿಮ್ ಕಾಫಿ ಕತೇನೇ ಮೇಡಂ" ಅಂದಳು. "ಕೆಂಪು ಬೆಳಕಲ್ಲಿ ಕೂತ ಕಣ್ಗೆ ಪರದೇಲಿರೋ ಕೆಂಪು ಸಪ್ಪೆ ಅನ್ಸ್ತದೆ. ನಾನು ಇನ್ನೂ ಇನ್ನೂ ಸುರ್ದಿದೀನಿ."

ಆಮೇಲೆ ಬಲ್ಬು ನೋಡಿದಳು, ನನ್ನ ನೋಡಿದಳು, ತಲೆ ತಗ್ಗಿಸಿದಳು. ಆರಿಸು ಅಂತ ಬಾಯಿಬಿಟ್ಟು ಕೇಳಲಿಲ್ಲ. ಆಡಿ ಶುಕ್ರವಾರ ಬೇರೆ, ಅಮ್ಮನವರ ದಿನ.

ನಾನು ಅಡುಗೆಮನೆಗೆ ಹೋದೆ. ಅಕ್ಕಿ ಡಬ್ಬ ಸರಿಸಿ, ಶೆಲ್ಫು ಒರೆಸಿ, ರಂಗೋಲಿ ಎಳೆದು, ಮೊದಲು ಅಲ್ಲಿ ಎಣ್ಣೆ ದೀಪ ಹಚ್ಚಿದೆ. ದೇವರಿಗೆ ಒಂದು ಕ್ಷಣವೂ ಕತ್ತಲಾಗಬಾರದಲ್ಲ. ಕೋಣೆಗೆ ಬಂದು ಕರ್ಪೂರ ಬೆಳಗಿ, "ತಾಯೀ, ಮಗ್ಳು ಕೆಲಸ ಮಾಡ್ಲಿ. ನೀನು ನನ್ ಜೊತೆ ಒಲೆ ಹತ್ರ ಬಾ" ಅಂದೆ. ಆಮೇಲೆ ಸ್ವಿಚ್ಚು ಒತ್ತಿದೆ.

ಮೇಡಂ ಕೈಚೀಲ ಕೆಳಗಿಟ್ಟು, ಸೆರಗು ತಲೆಗೆ ಹೊದ್ದು, ಅಮ್ಮನವರ ಪಟವನ್ನು ತಾವೇ ಎದೆಗವಚಿಕೊಂಡು ನಡೆದರು. "ಪರವಾಯಿಲ್ಲೆ ಅಕ್ಕಾ, ಅಮ್ಮನೂ ಎಣ್ಣುಮಗ್ಳೇ ಅಲ್ವಾ, ಅಡ್ಗೇಮನೆ ಗೊತ್ತಿಲ್ದೆ ಇರ್ತದಾ?" ಅಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಸಂಜೆಯೊಳಗೆ ಸುಧಾ ಅಜ್ಜಿಯ ಮುಖದ ಕೆಂಪು ಇಳಿಸಿದಳು. ಬಿಸಿಲಲ್ಲಿ ಒಣಗಿದ ಕಪ್ಪು ಮುಖ, ಕೆನ್ನೆಯ ಮೇಲೆ ತೆಳ್ಳಗೆ ಅರಿಶಿನ. ನಮ್ಮ ಬೀದಿಯ ಯಾವ ಮುದುಕಿಯಾದರೂ ಆಗಬಹುದಿತ್ತು. ಮೇಡಂ ಬಹಳ ಹೊತ್ತು ನೋಡಿ, "ಇವ್ರೇ ನಮ್ಮಜ್ಜಿ" ಅಂದರು. ಇಡೀ ಸಿನಿಮಾ ಸುಧಾಗೇ ಬಂತು. ರಾತ್ರಿ ಬಂದ ಯಜಮಾನರು ಎಲ್ಲ ಕೇಳಿ, "ಸದ್ಯ, ಮಾನಿಟ್ರು ವಾಪಸ್ ಕೊಡ್ಲಿಲ್ಲ" ಅಂದರು, ತಾವೇ ಆರಿಸಿ ತಂದವರ ಹಾಗೆ.

ಕೆಂಪು ಬಲ್ಬು ಈಗ ಅಡುಗೆಮನೆಯಲ್ಲಿದೆ. ಅಮ್ಮನವರಿಗೂ ಒಗ್ಗರಣೆಯ ವಾಸನೆ ಅಭ್ಯಾಸವಾಗಿರಬೇಕು. ಕರೆಂಟು ಹೋದಾಗ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ಬೈಯುತ್ತಾರೆ. ನಾನು ಮಾತ್ರ ಒಲೆಯ ಮುಂದೆ, ಕತ್ತಲಲ್ಲೇ, ಒಂದು ಸಲ ಕೈ ಮುಗಿಯುತ್ತೇನೆ.