ಅತ್ತೆಯವರಿಗೆ ಗುಬ್ಬಿ ಕೇಳಿಸಿತು

ದೀಪಾವಳಿಯ ಹೊತ್ತಿಗೆ ನನ್ನ ಎಡಗಿವಿಯಲ್ಲಿ ಒಂದು ಜೀರುಂಡೆ ಬಂದು ಕೂತಿತು. (ಹೆದರಬೇಡಿ, ನಿಜವಾದದ್ದಲ್ಲ.) ನೆಗಡಿಯೊಂದು ಬಂತು, ನೆಗಡಿ ಹೋಯಿತು, ಕಿವಿಯಲ್ಲಿ ಜೀಂ ಅನ್ನುವ ಸದ್ದು ಮಾತ್ರ ಉಳಿಯಿತು.

ಮೊದಲು ಟ್ಯೂಬ್‌ಲೈಟಿನದಿರಬೇಕೆಂದು ಲೈಟ್ ಆರಿಸಿದೆ. ಸದ್ದು ಆರಲಿಲ್ಲ. ಫ್ರಿಜ್ಜಿನದೆಂದು ಅದರ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಕೊನೆಗೆ ನಮ್ಮ ಹಾವೇರಿಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಹುಡುಕಬಾರದಿತ್ತು. ಇಂಟರ್‌ನೆಟ್ಟಿನಲ್ಲಿ ಕಿವಿಯ ಸದ್ದಿನಿಂದ ಹೊರಟ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಸಾವಿನ ಬಾಗಿಲಿಗೆ ಬಂದಿರುತ್ತಾನೆ.

ಅಲ್ಲಿಂದ ಮುಂದೆ ನನಗೆ ಬೇರೆ ಕೆಲಸವೇ ಇಲ್ಲವಾಯಿತು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ತಟ್ಟನೆ ನಿಲ್ಲಿಸಿ, ಅದು ಇದೆಯೇ ಎಂದು ಆಲಿಸುತ್ತಿದ್ದೆ. ಇರುತ್ತಿತ್ತು! ನಿದ್ದೆ ಕೆಟ್ಟಿತು, ಹಿಂದೆಯೇ ಸಿಟ್ಟು ಬಂತು. ಹೆಂಡತಿ ಗಿರಿಜಾ ಊಟಕ್ಕೆ ಕರೆದರೂ ರೇಗುತ್ತಿದ್ದೆ. ಮಗಳು ನನ್ನೆದುರು ಮಾತಾಡುವುದನ್ನೇ ಕಡಿಮೆ ಮಾಡಿದಳು.

ಗಿರಿಜಾಳೇ ರಾಣೆಬೆನ್ನೂರಿನ ಕಿವಿ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಜೊತೆಗೊಂದು ಷರತ್ತು ಹಾಕಿದಳು: ಬ್ಯಾಡಗಿಯಲ್ಲಿರುವ ಅವಳ ಅವ್ವನನ್ನೂ ಕರೆದುಕೊಂಡು ಹೋಗಬೇಕು.

ನಮ್ಮ ಅತ್ತೆಯವರಿಗೆ ವರ್ಷಗಳಿಂದ ಕಿವಿ ಮಂದ. ಅವರೂ ನಾನೂ ಮಾತಾಡಿದ್ದೇ ಅಪರೂಪ. ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ಲ, ಅಳಿಯ ಪಡಸಾಲೆಯಲ್ಲಿ ಕೂತರೆ ಅತ್ತೆ ಬಾಗಿಲ ಹಿಂದೆ. ಆ ಸಂಕೋಚ ಕರಗುವ ಹೊತ್ತಿಗೆ ಅವರಿಗೆ ಕಿವಿ ಕೇಳಿಸದಾಯಿತು. ನಮಸ್ಕಾರ, ಆರಾಮ, ಅಷ್ಟರಲ್ಲೇ ಇಷ್ಟು ವರ್ಷ ಕಳೆದಿದ್ದವು.

ನನ್ನ ಭಾಮೈದ ಅವರನ್ನು ಸ್ಕೂಟರಿನಲ್ಲಿ ಮೋಟೆಬೆನ್ನೂರಿಗೆ ತಂದು ನಾನು ಕೂತಿದ್ದ ಬಸ್ಸಿಗೆ ಹತ್ತಿಸಿದ. ಅವರು ಹೆಂಗಸರ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ರಾಣೆಬೆನ್ನೂರಿನ ತನಕ ಒಂದೂ ಮಾತಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ನನ್ನನ್ನು ಪರೀಕ್ಷೆ ಮಾಡಿದರು.

"ನಿಮ್ಮ ಕಿವಿ ಚೊಲೋ ಐತ್ರಿ ಸರ್. ಆ ಸಪ್ಪಳ ಮಾಡಾಕತ್ತಿದ್ದು ಮಿದುಳು. ನೀವು ಹಗಲೆಲ್ಲಾ ಅದಕ್ಕ ಕಾವಲು ಕುಂತೀರಿ. ಇದೇನೋ ಬಾಳ ದೊಡ್ಡ ವಿಷಯ ಇರಬೇಕಂತ ತಿಳಕೊಂಡು ಅದು ವಾಲ್ಯೂಮ್ ಏರಿಸೈತಿ."

ಅತ್ತೆಯವರಿಗೆ ಕಿವಿಗೆ ಹಾಕುವ ಮಶೀನು ಕೊಟ್ಟರು. ಆದರೆ ಮಶೀನು ಹಾಕಿದ ಮಾತ್ರಕ್ಕೆ ಆಗಲಿಲ್ಲವಂತೆ. ಇಷ್ಟು ವರ್ಷ ಕೇಳಿಸದ ಸಣ್ಣ ಸಣ್ಣ ಸದ್ದುಗಳನ್ನು ಮಿದುಳು ಮರೆತೇಬಿಟ್ಟಿರುತ್ತದಂತೆ. ಮೊದಮೊದಲು ಎಲ್ಲವೂ ಬರೀ ಗದ್ದಲ. ಬೇಸತ್ತು ಎಷ್ಟೋ ಜನ ಮಶೀನು ಟ್ರಂಕಿಗೆ ಹಾಕಿಬಿಡುತ್ತಾರೆ. ಯಾರಾದರೂ ದಿನವೂ ಜೊತೆಗೆ ಕೂತು, ಇದು ಇದರ ಸದ್ದು ಎಂದು ಹೇಳಿಕೊಡಬೇಕು.

ಯಾರು ಕೂರಬೇಕು? ಭಾಮೈದನಿಗೆ ಮೆಣಸಿನಕಾಯಿ ಸೀಸನ್ನು, ಮಾರ್ಕೆಟ್ಟಿನಿಂದ ತಲೆ ಎತ್ತಲು ಪುರಸೊತ್ತಿಲ್ಲ. ಅವನ ಹೆಂಡತಿಗೆ ಮನೆ ತುಂಬ ಕೆಲಸ. ಗಿರಿಜಾಳಿಗೆ ಶಾಲೆ. ಕಾಲೇಜಿಗೆ ರಜೆ ಇದ್ದವನು ನಾನೊಬ್ಬನೇ. ಹೀಗೆ ಅಳಿಯ ಮಾವನ ಮನೆಯಲ್ಲಿ ಮೇಷ್ಟ್ರಾದ. ದಿನವೂ ಹಾವೇರಿಯಿಂದ ಬ್ಯಾಡಗಿಗೆ ಹೋಗಿ ಬರತೊಡಗಿದೆ.

ಮೊದಲ ದಿನ ಮಶೀನು ಹಾಕುತ್ತಲೇ ಮನೆಯೊಳಗೆ ಮಿಕ್ಸಿ ಶುರುವಾಯಿತು, ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅತ್ತೆಯವರು ಎರಡೂ ಕಿವಿ ಮುಚ್ಚಿಕೊಂಡರು.

"ತಲಿಯೊಳಗ ಸಂತಿ ನೆರದಂಗ ಆಗೈತ್ರಿ. ನನಗ ಬ್ಯಾಡ ಇದು. ಕಿವುಡೇ ಚೊಲೋ ಇತ್ತು."

ಅವರು ನನ್ನೊಡನೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರಿತ್ತು. ಬೇಡದ ಸದ್ದು ತಲೆಯೊಳಗೆ ಹೊಕ್ಕರೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರನ್ನು ಹಿತ್ತಲಿಗೆ ಕರೆದೊಯ್ದೆ. ಎಲ್ಲಾ ಕೇಳುವುದು ಬೇಡ, ಒಂದೇ ಒಂದು ಕೇಳೋಣ ಎಂದೆ. ನಳವನ್ನು ಸಣ್ಣಗೆ ಬಿಟ್ಟೆ. ಬಕೀಟಿಗೆ ಬೀಳುವ ನೀರನ್ನು ಅವರು ನೋಡಿದರು, ಕೇಳಿದರು, ಮತ್ತೆ ನೋಡಿದರು. ಆ ದಿನಕ್ಕೆ ಅದಿಷ್ಟೇ ಪಾಠ.

ಮರುದಿನ ಕಸಬರಿಗೆ. ಆಮೇಲೆ ಒಲೆಯ ಮೇಲೆ ಉಕ್ಕುವ ಚಹಾ. ತಮ್ಮದೇ ಬಳೆಯ ಸದ್ದಿಗೆ ಯಾರೋ ಬಂದರೆಂದು ಹಿಂದೆ ತಿರುಗಿ, ಯಾರೂ ಇಲ್ಲದ್ದನ್ನು ಕಂಡು ತಾವೇ ನಕ್ಕರು. ಒಣಗಲು ಹಾಕಿದ್ದ ಮೆಣಸಿನಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಬೀಜದ ಸದ್ದು ಕೇಳಿದರು. ಆಮೇಲೆ ಇಬ್ಬರೂ ಸೀನಿದೆವು. (ಬ್ಯಾಡಗಿಯಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.)

ಒಂದು ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಅತ್ತೆಯವರು ಕೈಯೆತ್ತಿ ನನ್ನನ್ನು ತಡೆದು, ಅದೇನು ಸಪ್ಪಳ ಎಂದು ಕೇಳಿದರು. ನನಗೇನೂ ಕೇಳಿಸಲಿಲ್ಲ. ಕಪ್ಪು ಕೆಳಗಿಟ್ಟು ಕಿವಿಗೊಟ್ಟೆ. ಚಾವಣಿಯ ತಗಡಿನ ಸಂದಿಯಲ್ಲಿ ಚಿಂವ್ ಚಿಂವ್.

"ಗುಬ್ಬಿ, ಅತ್ತಿ."

ಅವರು ಸಪ್ಪಳ ಬಂದ ಕಡೆಗೆ ಕತ್ತೆತ್ತಿದರು. ಆಮೇಲೆ ಅಂದರು: "ಕಣ್ಣು ಮಂಜಾದ ಮ್ಯಾಲೆ ಕಾಣಲಿಲ್ಲ, ಸಪ್ಪಳಾನೂ ಇಲ್ಲ. ಗುಬ್ಬಿ ಎಲ್ಲಾ ಊರು ಬಿಟ್ಟು ಹೋಗ್ಯಾವಂತ ತಿಳಕೊಂಡಿದ್ದೆ. ಇಲ್ಲೇ ಅದಾವಲ್ರಿ."

ಅವರ ಮುಖದಲ್ಲಿದ್ದ ಆ ಖುಷಿಯನ್ನು ಬರೆಯಲು ನನಗೆ ಬರುವುದಿಲ್ಲ.

ಅಂದು ಸಂಜೆ ಮೋಟೆಬೆನ್ನೂರಿನಲ್ಲಿ ಹಾವೇರಿ ಬಸ್ಸಿಗೆ ಕಾಯುವಾಗ ನನಗೆ ಹೊಳೆಯಿತು: ನನ್ನ ಜೀರುಂಡೆಯನ್ನು ವಿಚಾರಿಸಿಕೊಳ್ಳದೆ ಎಷ್ಟು ದಿನವಾಯಿತು? ಆಲಿಸಿದೆ. ಇತ್ತು. ಮೂಲೆಯಲ್ಲೆಲ್ಲೋ ಸಣ್ಣಗೆ, ತನ್ನ ಪಾಡಿಗೆ. ಇರಲಿ ಬಿಡು ಎಂದುಕೊಂಡು ಬಸ್ಸು ಹತ್ತಿದೆ.

ಮಿದುಳಿನ ವಿಜ್ಞಾನ ನನಗೆ ತಿಳಿಯದು. ನನಗೆ ಕಂಡದ್ದು ಇಷ್ಟು: ನಾವು ಯಾವುದರ ಜೊತೆ ದಿನವೂ ಕೂರುತ್ತೇವೋ ಅದನ್ನು ಮಿದುಳು ಬೆಳೆಸುತ್ತದೆ. ಅದು ಗುಬ್ಬಿಯೋ, ದೂರೋ, ಪಕ್ಕದ ಮನೆಯವರ ಮೇಲಿನ ಹೊಟ್ಟೆಕಿಚ್ಚೋ, ಪಾಪ, ಮಿದುಳಿಗೇನು ಗೊತ್ತು? ಕೂರುವ ಜಾಗ ನೋಡಿಕೊಳ್ಳಬೇಕಾದವರು ನಾವು.

ಅತ್ತೆಯವರು ಈಗ ಬಾಗಿಲ ಹಿಂದೆ ನಿಲ್ಲುವುದಿಲ್ಲ, ಎದುರಿಗೇ ಕೂತು ಮಾತಾಡುತ್ತಾರೆ. ಕಳೆದ ಭಾನುವಾರ ಹಾವೇರಿಗೆ ಬಂದಿದ್ದರು. ಅಡುಗೆಮನೆಯಲ್ಲಿ ಗಿರಿಜಾ ಮಗಳ ಹತ್ತಿರ ನನ್ನ ಬಗ್ಗೆ ಏನೋ ಗೊಣಗುತ್ತಿದ್ದಳು. ನನಗೆ ಕೇಳಿಸಲಿಲ್ಲ. ಪಡಸಾಲೆಯಿಂದಲೇ ಅತ್ತೆಯವರು ಅಂದರು: "ಹಂಗನಬ್ಯಾಡ ಗಿರಿಜಾ. ಅಳಿಯಂದ್ರು ಬಾಳ ಚೊಲೋ ಮನಷ್ಯಾ ಅದಾರ."

ಈ ಒಂದು ಮಾತಿನ ಮೇಲೆ ಗಿರಿಜಾ ದಿನವೂ ಸ್ವಲ್ಪ ಹೊತ್ತು ಗಮನವಿಟ್ಟರೆ ಎಷ್ಟು ಚೆನ್ನಾಗಿರುತ್ತದೆ, ನೀವೇ ಹೇಳಿ?