ಇನ್‌ಸ್ಪೆಕ್ಟರು ತಿಂದ ಕಲ್ಲಂಗಡಿ

ಕಿತ್ತಳೆ ಸಿಪ್ಪೆ ಎಸೆಯಲು ಹೊರಟಿದ್ದ ನನ್ನನ್ನು ಹೆಂಡತಿ ತಡೆದಳು. “ಬಿಸಾಡ್ಬೇಡಿ ರೀ, ಗೊಜ್ಜಿಗೆ ಬೇಕು.” ಕೊಲ್ಲಿ ನಾಡಿನ ಎಗೈಲಾದಲ್ಲಿರುವ ನಮ್ಮ ಮನೆಯ ಕಿಟಕಿಯಲ್ಲಿ ಅದು ಮೂರು ದಿನ ಒಣಗಿತು. ಆ ಕಹಿ ಬೆರೆತ ಘಮ ಮೂಗಿಗೆ ಬಡಿದದ್ದೇ ತಡ, ಮೀನಾ ಅಬ್ದುಲ್ಲಾದ ಸೈಟ್ ಆಫೀಸಿನಲ್ಲಿ ನನ್ನ ಎದುರು ಮೇಜಿನಲ್ಲಿ ಕೂರುತ್ತಿದ್ದ ಚೀನಾದ ವೆಲ್ಡಿಂಗ್ ಇನ್‌ಸ್ಪೆಕ್ಟರು ನೆನಪಾದರು. ಅವರ ಫ್ಲಾಸ್ಕಿನ ಬಿಸಿನೀರಿನಲ್ಲಿ ಇಂಥದೇ ಒಣ ಸಿಪ್ಪೆ ತೇಲುತ್ತಿತ್ತು...

ಅರವತ್ತರ ಹತ್ತಿರದ ಮನುಷ್ಯ. ಹೊಟ್ಟೆಯ ದೊಡ್ಡ ಆಪರೇಷನ್ ಆಗಿತ್ತು. ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮ್ಯಾನೇಜರು ಹೇಳಿದರೂ ಕೇಳಲಿಲ್ಲ. ಒಂದೊಂದು ಬೆಸುಗೆಯನ್ನೂ ತಾವೇ ನೋಡಿ ಸಹಿ ಹಾಕಿದ ಪೈಪ್‌ಲೈನು. ಅದರ ಒತ್ತಡ ಪರೀಕ್ಷೆ ಮುಗಿಯುವವರೆಗೆ ಈ ದೇಹವನ್ನು ನಿಲ್ಲಿಸಿಯೇ ತೀರುತ್ತೇನೆ ಎಂಬುದು ಅವರ ಹಟ.

ಆಸ್ಪತ್ರೆಯ ಮಾತ್ರೆಗಳ ಜೊತೆಗೆ ಅವರು ನಂಬಿದ್ದು ಊಟವನ್ನು. ಅವರ ದೇಶದ ಹಳೆಯ ವೈದ್ಯದ ಪ್ರಕಾರ ಪ್ರತಿ ಪದಾರ್ಥಕ್ಕೂ ಒಂದು ಗುಣ, ಕೆಲವು ಬಿಸಿ, ಕೆಲವು ತಂಪು. ತಮ್ಮ ಹೊಟ್ಟೆಗೆ ತಂಪು ಹೆಚ್ಚಾಗಿದೆ, ಅದನ್ನು ಸರಿದೂಗಿಸಬೇಕು ಎನ್ನುತ್ತಿದ್ದರು. ಬೆಳಗ್ಗೆ ಏಳಕ್ಕೆ ಶುಂಠಿ, ಒಣ ಎಲಚಿ ಹಣ್ಣು ಹಾಕಿದ ಅಕ್ಕಿ ಗಂಜಿ. ಮಧ್ಯಾಹ್ನ ಬೇಯಿಸಿದ ಸಿಹಿಗುಂಬಳ. ಹೊರಗೆ ಐವತ್ತು ಡಿಗ್ರಿ ಸೆಕೆಯಿದ್ದರೂ ಕುಡಿಯಲು ಹೊಗೆಯಾಡುವ ನೀರು.

ನನಗಿದು ಹೊಸದೇನಲ್ಲ. ಉಷ್ಣ, ತಂಪು ಅನ್ನುತ್ತಲೇ ನಮ್ಮಮ್ಮ ಮೈಸೂರಿನಲ್ಲಿ ನಮ್ಮನ್ನು ಬೆಳೆಸಿದ್ದು. ಆದರೆ ಇಬ್ಬರ ಪಟ್ಟಿ ಹೊಂದುತ್ತಿರಲಿಲ್ಲ. ಅಮ್ಮ ಉಷ್ಣ ಎನ್ನುತ್ತಿದ್ದ ಹಾಗಲಕಾಯಿ ಅವರಿಗೆ ಶುದ್ಧ ತಂಪು. ನಾನು ಅದರ ಪಲ್ಯ ಒಯ್ದ ದಿನ ಊಟದ ಹೊತ್ತೆಲ್ಲ ವಾದ ಮಾಡಿದೆವು. ಅವರು ಮಾತ್ರ ಮುಟ್ಟಲಿಲ್ಲ. ನನಗೋ ಕಾಲೆಳೆಯುವ ಚಟ. ಫ್ರಿಜ್ಜಿನಿಂದ ಕಲ್ಲಂಗಡಿ ತೆಗೆದು ದಿನವೂ ಅವರ ಮುಂದೆ ಹಿಡಿಯುತ್ತಿದ್ದೆ. ಅವರು ಫ್ಲಾಸ್ಕ್ ಎತ್ತಿ ತೋರಿಸುತ್ತಿದ್ದರು. ಬೇಸಿಗೆ ಪೂರ್ತಿ ಹೀಗೇ ನಡೆಯಿತು. ಅವರ ಬೆಲ್ಟಿಗೆ ಹೊಸ ಹೊಸ ತೂತು ಬಿದ್ದವು, ಆದರೂ ಟಾರ್ಚ್ ಹಿಡಿದು ಏಣಿ ಹತ್ತುವುದನ್ನು ಬಿಡಲಿಲ್ಲ.

ಪರೀಕ್ಷೆಯ ದಿನ ಲೈನಿಗೆ ನೀರು ತುಂಬಿಸಿ ಒತ್ತಡ ಏರಿಸಿದರು. ಗೇಜಿನ ಮುಳ್ಳು ಗಂಟೆಗಟ್ಟಲೆ ಕದಲಲಿಲ್ಲ. ಅವರು ಕೊನೆಯ ಕಾಗದಕ್ಕೆ ಸಹಿ ಹಾಕಿದರು. ಆಫೀಸಿಗೆ ಬಂದು ಹೆಲ್ಮೆಟ್ ತೆಗೆದಿಟ್ಟು ನನ್ನ ತಟ್ಟೆಯತ್ತ ಕೈ ಚಾಚಿದರು.

“ಟುಡೇ ಖಲಾಸ್, ಮೈ ಫ್ರೆಂಡ್. ಗಿವ್ ಮೀ.”

ಕೊರೆಯುವ ಕಲ್ಲಂಗಡಿಯ ಮೂರು ಹೋಳುಗಳನ್ನು ಕಣ್ಣು ಮುಚ್ಚಿಕೊಂಡು ತಿಂದರು. ಕೊನೆಗೂ ಸೋತಿರಿ ಎಂದು ನಾನು ಚಪ್ಪಾಳೆ ತಟ್ಟಿ ನಕ್ಕೆ. ಅವರೂ ನಕ್ಕರು...

ಮುಂದಿನ ವಾರ ಊರಿಗೆ ಹೋದರು. ಎರಡು ತಿಂಗಳಿಗೆ ಸಾವಿನ ಸುದ್ದಿ ಬಂತು. ಕಾಯಿಲೆ ಮರಳಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಬೇಸಿಗೆಗೆ ಮುಂಚೆಯೇ ಹೇಳಿದ್ದರಂತೆ. ಮ್ಯಾನೇಜರಿಗೆ ಮಾತ್ರ ಗೊತ್ತಿತ್ತು. ಇನ್‌ಸ್ಪೆಕ್ಟರು ನಮಗೆ ಸುಳ್ಳೇನೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಎಂದೇ ಹೇಳಿದ್ದರು. ಅದರಾಚೆಯ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

ಈಗ ನನಗೂ ಹೆಚ್ಚುಕಡಿಮೆ ಅವರ ವಯಸ್ಸು. ಕೆಲಸಕ್ಕೆ ಹೋಗುವಾಗ ದಿನವೂ ಆ ಲೈನಿನ ಪಕ್ಕದಲ್ಲೇ ಹಾದುಹೋಗುತ್ತೇನೆ. ಇವತ್ತಿಗೂ ಅದು ಒಂದು ಹನಿ ಸೋರಿಲ್ಲ. ನೋಡಿದಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಅವರು ಸೋತರೆಂದು ನಕ್ಕವನು ನಾನೊಬ್ಬನೇ.